ಡ್ಯಾಕ್-ಚಯನ-ಮೀಮಾಂಸೆ

1. ಅನುಬಂಧ ಚತುಷ್ಟಯ

ಯಾವುದೇ ಶಾಸ್ತ್ರವು ತನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಆರಂಭದಲ್ಲೇ ಘೋಷಿಸತಕ್ಕದ್ದು. ಪ್ರಸ್ತುತ ಶಾಸ್ತ್ರದ ವಿಷಯವು ಅಂಕರೂಪಿಯಾದ ಸಂಗೀತವನ್ನು ಶ್ರವಣಯೋಗ್ಯ ವಿದ್ಯುತ್ತರಂಗವಾಗಿ ಮಾರ್ಪಡಿಸುವ, ಲೋಕದಲ್ಲಿ ‘ಡ್ಯಾಕ್’ ಎಂದು ರೂಢವಾದ, ಜೇಬಿನ ಗಾತ್ರದ ಉಪಕರಣ. ಪ್ರಯೋಜನವು ಉತ್ತಮ ಶ್ರವಣ. ಸಂಬಂಧವು ಫೋನಿಗೂ ಕಿವಿಗೂ ನಡುವಣ ತಂತಿ. ಅಧಿಕಾರಿಯು ಯಾರೆಂಬುದು ವಿವಾದಾಸ್ಪದವಾದುದರಿಂದ ಅದನ್ನು ನಾಲ್ಕನೆಯ ಪ್ರಕರಣದಲ್ಲಿ ವಿಚಾರಿಸಲಾಗುವುದು.

ಈ ಶಾಸ್ತ್ರಕ್ಕೆ ಪೂರ್ವಾಚಾರ್ಯರೇ ಇಲ್ಲವೆನ್ನುವುದು ಅವಿನಯ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ, ನಾಭಿಮೂಲದಿಂದ ಕಹಳೆಯ ರೀತಿಯಲ್ಲಿ ಹುಟ್ಟುವ ಶಬ್ದದ್ರವ್ಯವು ಶ್ವೇತವರ್ಣದ್ದೆಂದು ನಿರ್ಣಯಿಸಿದ್ದಾನೆ. ಇಂದಿನ ಶ್ರವಣರಸಿಕರು ಒಂದು ಡ್ಯಾಕಿನ ಧ್ವನಿಯನ್ನು ಕಪ್ಪೆಂದೂ ಇನ್ನೊಂದರದನ್ನು ಬೆಚ್ಚಗಿನದೆಂದೂ ವರ್ಣಿಸುತ್ತಾರೆ. ಆದ್ದರಿಂದ ಧ್ವನಿಗೆ ಬಣ್ಣವುಂಟೆಂಬ ವಾದವು ಪ್ರಾಚೀನವಾದದ್ದು. ಧ್ವನಿಗೆ ಶಾಖವುಂಟೆಂಬ ವಾದವು ಮಾತ್ರ ನವೀನರದು.

2. ಲಕ್ಷಣ ವಿಚಾರ

ನಾದವು ಆಹತ, ಅನಾಹತ ಎಂದು ದ್ವಿವಿಧ. ಫೋನಿನೊಳಗಿರುವ ಹಾಡು ಕೇವಲ ಸಂಖ್ಯಾರಾಶಿ. ಸಿ.ಡಿ. ಕ್ರಮದಲ್ಲಿ ಪ್ರತಿ ಸೆಕೆಂಡಿಗೆ 44,100 ಮಾದರಿಗಳು. ಒಂದೊಂದು ಮಾದರಿಯೂ 16 ಬಿಟ್‌ನದು, ಅಂದರೆ 65,536 ಮೆಟ್ಟಿಲುಗಳಲ್ಲಿ ಯಾವುದೋ ಒಂದರ ಮೇಲೆ ನಿಂತದ್ದು. ಯಾರೂ ಮೀಟದ, ಯಾರೂ ಬಡಿಯದ ಈ ಸ್ಥಿತಿಯು ಸ್ಪಷ್ಟವಾಗಿ ಅನಾಹತ. ಅದನ್ನು ಆಹತದ ಕಡೆಗೆ ತಿರುಗಿಸುವುದೇ ಡ್ಯಾಕಿನ ಧರ್ಮ.

‘ಅಂಕವನ್ನು ತರಂಗವಾಗಿಸುವುದು ಡ್ಯಾಕ್’ ಎಂಬ ಪ್ರಥಮ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷವಿದೆ: ಸ್ಪೀಕರುಳ್ಳ ಫೋನೂ ಆ ಕಾರ್ಯವನ್ನು ಮಾಡುತ್ತದೆ. ‘ಫೋನಿನಿಂದ ಭಿನ್ನವಾದದ್ದು’ ಎಂದು ತಿದ್ದಿದರೆ, ಒಡಲಲ್ಲೇ ಪರಿವರ್ತಕವನ್ನು ಧರಿಸಿದ ಬ್ಲೂಟೂತ್ ಇಯರ್‌ಫೋನು ಒಳನುಗ್ಗುತ್ತದೆ. ಆದಕಾರಣ ಪರಿಷ್ಕೃತ ಲಕ್ಷಣ: ಫೋನು, ಇಯರ್‌ಫೋನು ಎರಡರಿಂದಲೂ ಭಿನ್ನವಾಗಿದ್ದು, ಎರಡರ ನಡುವೆ ನಿಂತು, ಜೇಬಿನಲ್ಲಿ ಹಿಡಿಯುವ ಪರಿವರ್ತಕವೇ ಡ್ಯಾಕ್. ಇಲ್ಲಿ ಜೇಬೆಂದರೆ ಅಂಗಿಯ ಎದೆಜೇಬು. ಜುಬ್ಬದ ಪಕ್ಕಜೇಬನ್ನು ಅಂಗೀಕರಿಸಿದರೆ ಲಕ್ಷಣವು ಮೇಜಿನ ಮೇಲಿಡುವ ಡ್ಯಾಕುಗಳವರೆಗೂ ಹರಡುತ್ತದೆ.

3. ಭೇದ ವಿಚಾರ

ಬಾಹ್ಯರೂಪವನ್ನು ಅನುಸರಿಸಿ ಡ್ಯಾಕ್ ತ್ರಿವಿಧ.

3.1. ಪುಚ್ಛರೂಪಿ. ಲೋಕದಲ್ಲಿ ಡಾಂಗಲ್ ಎನಿಸಿಕೊಂಡು ಫೋನಿನ ಕೆಳಗೆ ಬಾಲದಂತೆ ತೂಗುವುದು. 2016ರಲ್ಲಿ ಐಫೋನ್ 7ರಿಂದ 3.5 ಮಿ.ಮೀ. ಜ್ಯಾಕ್ ಲೋಪವಾದ ಬಳಿಕ ಈ ಪ್ರಭೇದ ವಿಪುಲವಾಯಿತು. ಇದು ಪರಾನ್ನಭೋಜಿ, ಫೋನಿನ ಬ್ಯಾಟರಿಯೇ ಇದರ ಆಹಾರ. ಇದರಲ್ಲಿ ಎರಡು ಉಪಭೇದ: ತಂತಿಯು ದೇಹಕ್ಕೆ ಬೆಸೆದಿರುವುದು ಸಮವಾಯಿ, ತಂತಿಯನ್ನು ಬಿಡಿಸಬಹುದಾದದ್ದು ಸಂಯೋಗಿ. ತಂತಿ ಹರಿದಾಗ ಸಮವಾಯಿಯು ತಂತಿಯೊಡನೆ ಸಹಗಮನ ಮಾಡುತ್ತದೆ. ಸಂಯೋಗಿಯು ಹೊಸ ತಂತಿಯೊಡನೆ ಬಾಳುತ್ತದೆ.

3.2. ಪೇಟಿಕಾರೂಪಿ. ಸ್ವಂತ ಬ್ಯಾಟರಿಯಿರುವ ಪುಟ್ಟ ಪೆಟ್ಟಿಗೆ. ಫೋನಿನ ಬೆನ್ನಿಗೆ ರಬ್ಬರ್ ಬ್ಯಾಂಡಿನಿಂದ ಬಂಧಿಸಲ್ಪಡುವುದು ಇದರ ಸಂಸ್ಕಾರ. ಕರೆ ಬಂದಾಗ ಫೋನಿನೊಡನೆ ಪೆಟ್ಟಿಗೆಯೂ ಕೆನ್ನೆಗೇರುವುದು ಇದರ ಉಪಲಕ್ಷಣ.

3.3. ಅರ್ಧನಿಸ್ತಂತು. ಫೋನಿಗೂ ಇದಕ್ಕೂ ನಡುವೆ ತಂತಿಯಿಲ್ಲ, ಇದಕ್ಕೂ ಕಿವಿಗೂ ನಡುವೆ ಇದೆ, ಆದ್ದರಿಂದ ಅರ್ಧ. ಸಿ.ಡಿ.ಯ ಪ್ರವಾಹ ಸೆಕೆಂಡಿಗೆ 1,411 ಕಿಲೋಬಿಟ್. ಬ್ಲೂಟೂತ್ ಮಾರ್ಗದ ಎಲ್‌ಡ್ಯಾಕ್ ಎಂಬ ವಿಧಿಯು ಹೊರುವುದು ಗರಿಷ್ಠ 990. ಆದಕಾರಣ ಈ ಮಾರ್ಗದಲ್ಲಿ ಸಂಗೀತವು ದೇಹವನ್ನು ಕೃಶಗೊಳಿಸಿಕೊಂಡೇ ಪ್ರಯಾಣಿಸತಕ್ಕದ್ದು.

ಅಂತರಂಗವನ್ನು ಅನುಸರಿಸಿ ಡ್ಯಾಕ್ ದ್ವಿವಿಧ. ಸೋಪಾನವಾದಿಯು ರೆಸಿಸ್ಟರುಗಳ ಏಣಿಯನ್ನು ಕಟ್ಟಿ ಪ್ರತಿ ಬಿಟ್ಟಿಗೂ ಒಂದು ಮೆಟ್ಟಿಲನ್ನು ನಿಯೋಜಿಸುತ್ತದೆ. ಡೆಲ್ಟಾ-ಸಿಗ್ಮಾವಾದಿಯು ಕೆಲವೇ ಮೆಟ್ಟಿಲುಗಳನ್ನು ಇಟ್ಟುಕೊಂಡು ಅವುಗಳ ನಡುವೆ ಅತಿವೇಗದಿಂದ ಹಾರಾಡಿ, ಉಂಟಾದ ಸದ್ದುಗದ್ದಲವನ್ನು ಕಿವಿಗೆ ನಿಲುಕದ ಆವೃತ್ತಿಗಳ ಕಡೆಗೆ ಗುಡಿಸುತ್ತದೆ. ಇಂದಿನ ಡಾಂಗಲುಗಳಲ್ಲಿ ಬಹುಸಂಖ್ಯಾತರು ದ್ವಿತೀಯ ಮತದವರು.

4. ಅಧಿಕಾರಿ ವಿಚಾರ

ಮಾದರಿಯ ದರವು ತರಂಗದೊಳಗಿನ ಪರಮಾವಧಿ ಆವೃತ್ತಿಯ ಇಮ್ಮಡಿಗಿಂತ ಹೆಚ್ಚಿದ್ದರೆ ತರಂಗವು ಅಖಂಡವಾಗಿ ಮರಳಿ ದೊರೆಯುತ್ತದೆಂದು ಕ್ಲಾಡ್ ಶಾನನ್ 1949ರಲ್ಲಿ ಪ್ರತಿಪಾದಿಸಿದ್ದಾನೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಮುದ್ರಿತವಾದ ದರವನ್ನು ಅರ್ಧಿಸಿದರೆ ಅದರ ಅಧಿಕಾರಿ ಗೋಚರನಾಗುತ್ತಾನೆ.

4.1. 44.1 ಕಿಲೋಹರ್ಟ್ಸ್: ಅರ್ಧ 22.05. ಅಧಿಕಾರಿ ಮನುಷ್ಯ, ಅವನ ಶ್ರವಣವು 20 ಕಿಲೋಹರ್ಟ್ಸ್‌ಗೆ ಮುಗಿಯುತ್ತದೆ, ಅದೂ ಎಳೆಯ ಪ್ರಾಯದಲ್ಲಿ. ವಯಸ್ಸಾದಂತೆ ಈ ಎಲ್ಲೆಯು ಇಳಿಯುತ್ತದೆ, ಸಂಬಳವು ಏರುತ್ತದೆ. ಇಳಿಯುವ ಕಿವಿಯ ರೇಖೆಯೂ ಏರುವ ಸಂಬಳದ ರೇಖೆಯೂ ಛೇದಿಸುವ ಬಿಂದುವಿಗೆ ‘ಕ್ರಯಮುಹೂರ್ತ’ವೆಂದು ಸಂಜ್ಞೆ.

4.2. 96 ಕಿಲೋಹರ್ಟ್ಸ್: ಅರ್ಧ 48. ಅಧಿಕಾರಿ ಶುನಕ, ಅದರ ಶ್ರವಣ ಸುಮಾರು 45ರವರೆಗೆ.

4.3. 192 ಕಿಲೋಹರ್ಟ್ಸ್: ಅರ್ಧ 96. ಅಧಿಕಾರಿ ಕೀಟಾಹಾರಿ ಬಾವಲಿ.

4.4. 768 ಕಿಲೋಹರ್ಟ್ಸ್: ಅರ್ಧ 384. ಅಧಿಕಾರಿ ಮರಿಹುಳುವಾಗಿದ್ದಾಗ ಜೇನುಗೂಡಿನ ಮೇಣವನ್ನು ತಿನ್ನುವ ಪತಂಗ. ಅದಕ್ಕೆ 300 ಕಿಲೋಹರ್ಟ್ಸ್‌ವರೆಗೂ ಕೇಳಿಸುತ್ತದೆ. ಬಾವಲಿಯು ಪತಂಗಭಕ್ಷಕವಾದುದರಿಂದ 4.3 ಮತ್ತು 4.4ರ ಅಧಿಕಾರಿಗಳಿಗೆ ಸಹಶ್ರವಣವು ನಿಷಿದ್ಧ.

ಬಿಟ್‌ಗಳ ವಿಷಯದಲ್ಲೂ ಇದೇ ನ್ಯಾಯ. ಒಂದು ಬಿಟ್ಟಿಗೆ ಸುಮಾರು 6 ಡೆಸಿಬಲ್. 16 ಬಿಟ್‌ಗೆ 96. 32 ಬಿಟ್‌ಗೆ 192. ಗಾಳಿಯಲ್ಲಿ ಸದ್ದು ಸುಮಾರು 194 ಡೆಸಿಬಲ್ ಮುಟ್ಟಿದಾಗ ತರಂಗದ ತಗ್ಗಿನಲ್ಲಿ ಗಾಳಿಯೇ ಉಳಿಯುವುದಿಲ್ಲ. ಆದ್ದರಿಂದ 32 ಬಿಟ್‌ನ ಅಧಿಕಾರಿಯು ಪ್ರಾಣಿವರ್ಗದಲ್ಲಿಲ್ಲ. ವಾಯುಮಂಡಲವೇ ಆ ಪದವಿಗೆ ಅರ್ಹ.

5. ಗುರುಲಘು ವಿಚಾರ

ಛಂದಸ್ಸಿನಂತೆ ಇಲ್ಲಿಯೂ ಗುರು, ಲಘುಗಳುಂಟು. ಓಮ್ ಸಂಖ್ಯೆ ಕಿರಿದಾದ ಇಯರ್‌ಫೋನು ಹೆಚ್ಚು ವಿದ್ಯುತ್ತನ್ನು ಎಳೆಯುವುದರಿಂದ ಅದೇ ಗುರು. 300 ಓಮ್‌ನ ದೊಡ್ಡ ಹೆಡ್‌ಫೋನು, ನೋಟಕ್ಕೆ ಎಷ್ಟೇ ಭಾರವಾಗಿದ್ದರೂ, ಲಘು. ಗುರುವಿಗೆ ವಿಧಿ: ಡ್ಯಾಕಿನ ಔಟ್‌ಪುಟ್ ಇಂಪೀಡೆನ್ಸ್ ಇಯರ್‌ಫೋನಿನದರ ಎಂಟನೆಯ ಒಂದು ಭಾಗವನ್ನು ಮೀರಬಾರದು, 16 ಓಮ್‌ಗೆ 2 ಓಮ್. ಮೀರಿದರೆ ಕೆಲವು ಸ್ವರಗಳು ಉಬ್ಬುತ್ತವೆ, ಕೆಲವು ಕುಗ್ಗುತ್ತವೆ. ಲಘುವಿಗೆ ವಿಧಿ: ವೋಲ್ಟೇಜ್ ಸಮೃದ್ಧವಾಗಿರತಕ್ಕದ್ದು. 2 ವೋಲ್ಟ್ ಕೊಡುವ ಡಾಂಗಲ್ 32 ಓಮ್‌ಗೆ 125 ಮಿಲಿವ್ಯಾಟ್ ಉಣಿಸಿದರೆ, 300 ಓಮ್‌ಗೆ 13ನ್ನು ಮಾತ್ರ ಉಣಿಸೀತು. ಸಮಗ್ರ ಶಾಸ್ತ್ರದಲ್ಲಿ ಕೊಳ್ಳುವವನಿಗೆ ನೇರವಾಗಿ ಉಪಯೋಗವಾಗುವ ಪ್ರಕರಣವು ಇದೊಂದೇ ಆದುದರಿಂದ ಇದನ್ನು ಸಂಕ್ಷೇಪಿಸಲಾಗಿದೆ.

6. ದೇಶ ವಿಚಾರ

ಮೆಜೆಸ್ಟಿಕ್ಕಿನಿಂದ ಬನಶಂಕರಿಗೆ ಹೊರಟ ಬಸ್ಸಿನೊಳಗೆ 75 ಡೆಸಿಬಲ್ ಗದ್ದಲವಿದೆಯೆಂದು ಭಾವಿಸೋಣ. ಕಿವಿಯ ಕ್ಷೇಮಕ್ಕಾಗಿ ಹಾಡು 90ನ್ನು ದಾಟದಿರಲಿ. ನಡುವೆ ಉಳಿಯುವ ಅವಕಾಶ 15 ಡೆಸಿಬಲ್, ಅಂದರೆ ಎರಡೂವರೆ ಬಿಟ್. ಬಿಟ್ಟು ಅವಿಭಾಜ್ಯವಾದುದರಿಂದ ಮೂರು. 24 ಬಿಟ್‌ನ ಡ್ಯಾಕ್ ಹಿಡಿದ ಪ್ರಯಾಣಿಕನಿಗೆ ಮೂರು ಬಿಟ್‌ಗಳು ಹಾಡುತ್ತವೆ. ಇಪ್ಪತ್ತೊಂದು ಬಿಟ್‌ಗಳು ಅವನೊಡನೆ ಬನಶಂಕರಿಯವರೆಗೆ ಹೋಗುತ್ತವೆ.

ಇಲ್ಲಿ ಪೂರ್ವಪಕ್ಷ: ಕಿವಿಯ ರಂಧ್ರಕ್ಕೆ ಸರಿಯಾಗಿ ಕೂರುವ ರಬ್ಬರ್ ಬುಷ್ 20 ಡೆಸಿಬಲ್ ಗದ್ದಲವನ್ನು ತಡೆದರೆ, ಅದೊಂದೇ ಮೂರಕ್ಕೂ ಹೆಚ್ಚು ಬಿಟ್‌ಗಳನ್ನು ಮರಳಿ ಗಳಿಸಿಕೊಟ್ಟಂತಾಗಲಿಲ್ಲವೆ? ಡ್ಯಾಕನ್ನು ಬಿಟ್ಟು ಬುಷ್ಷನ್ನೇ ಕೊಳ್ಳಬಾರದೇಕೆ? ಸಮಾಧಾನ: ಗಣಿತವು ಅಕ್ಷರಶಃ ಸತ್ಯ. ಆದರೆ ಬುಷ್ಷು 2ನೆಯ ಪ್ರಕರಣದ ಲಕ್ಷಣಕ್ಕೆ ಒಳಪಡುವುದಿಲ್ಲ. ಶಾಸ್ತ್ರವು ತನ್ನ ವಿಷಯವಲ್ಲದ ವಸ್ತುವಿನಿಂದ ತನ್ನ ಪ್ರಯೋಜನವನ್ನು ಪಡೆಯುವಂತಿಲ್ಲ.

7. ಪ್ರಮಾಣ ವಿಚಾರ

ಚಯನದಲ್ಲಿ ಶಬ್ದಪ್ರಮಾಣವೆಂದರೆ ಅಂಗಡಿಯವನ ಮಾತು. ಅವನು ಆಪ್ತನೆಂಬುದು ಬಿಲ್ಲಾಗುವವರೆಗೆ ಮಾತ್ರ ಸಿದ್ಧ. ಅನುಮಾನಪ್ರಮಾಣವೆಂದರೆ ‘ಎಲ್ಲಿ ಬೆಲೆಯೋ ಅಲ್ಲಿ ಗುಣ’ ಎಂಬ ವ್ಯಾಪ್ತಿ. ಇದಕ್ಕೆ ವ್ಯಭಿಚಾರ ದೋಷವಿದೆ. ಉಳಿದದ್ದು ಪ್ರತ್ಯಕ್ಷ. ಅದೂ ನಿರ್ದುಷ್ಟವಾಗಬೇಕಾದರೆ ಕೇಳುವವನಿಗೆ ಯಾವ ಡ್ಯಾಕ್ ನುಡಿಯುತ್ತಿದೆಯೆಂದು ತಿಳಿದಿರಬಾರದು. ತುಸು ಜೋರಾದದ್ದೇ ಉತ್ತಮವೆಂದು ಕಿವಿಗೆ ಭ್ರಮೆಯಾಗುವುದರಿಂದ ಎರಡರ ಸದ್ದೂ ಸಮವಾಗಿರಬೇಕು. 16 ಬಾರಿಯಲ್ಲಿ ಕನಿಷ್ಠ 12 ಬಾರಿ ಸರಿಯಾಗಿ ಗುರುತಿಸಬೇಕು, ಏಕೆಂದರೆ ಬರೀ ಊಹೆಯಿಂದ ಅಷ್ಟು ಸರಿಯಾಗುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ.

ಪ್ರಸ್ತುತ ಶಾಸ್ತ್ರಕರ್ತನು ಒಂದು ಸಾಮಾನ್ಯ ಡಾಂಗಲನ್ನೂ ಅದರ ಇಪ್ಪತ್ತುಪಟ್ಟು ಬೆಲೆಯ ಒಂದು ಪೇಟಿಕಾರೂಪಿಯನ್ನೂ ಈ ಪರೀಕ್ಷೆಗೆ ಒಡ್ಡಿದನು. ಪರದೆಯ ಹಿಂದೆ ತಂತಿ ಬದಲಿಸುವ ಕಾರ್ಯವನ್ನು ಧರ್ಮಪತ್ನಿಯು ನಿರ್ವಹಿಸಿದಳು. ಪರೀಕ್ಷಾದ್ರವ್ಯವು ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಅಂಕರೂಪ; ಮುಳ್ಳಿನ ಚರಪರ ಸದ್ದನ್ನು ಉಭಯ ಯಂತ್ರಗಳೂ ಸಮಾನ ನಿಷ್ಠೆಯಿಂದ ನಿವೇದಿಸಿದವು. ಹದಿನಾರರಲ್ಲಿ ಸರಿಯಾದವು ಎಂಟು.

ಈ ಫಲವನ್ನು ಅವಿವೇಕಿಗಳು ‘ಎರಡೂ ಒಂದೇ’ ಎಂದು ವ್ಯಾಖ್ಯಾನಿಸಬಹುದು. ಧರ್ಮಪತ್ನಿಯು ಹಾಗೆಯೇ ವ್ಯಾಖ್ಯಾನಿಸಿದಳು. ಆದರೆ ನ್ಯಾಯಸಂಪ್ರದಾಯದಲ್ಲಿ ವಾದಿ, ಪ್ರತಿವಾದಿಗಳು ಸಮಬಲರಾದಾಗ ವಾದವು ಮುಗಿಯುವುದಿಲ್ಲ. ಅದಕ್ಕೆ ಮಧ್ಯಸ್ಥನು ಬೇಕಾಗುತ್ತಾನೆ. ಮಧ್ಯಸ್ಥನು ಉಭಯರಿಗಿಂತಲೂ ಮಿಗಿಲಾದ ಯೋಗ್ಯತೆಯವನಾಗಿರಬೇಕು. ಆದ್ದರಿಂದ 768 ಕಿಲೋಹರ್ಟ್ಸ್, 32 ಬಿಟ್‌ನ ತೃತೀಯ ಡ್ಯಾಕೊಂದನ್ನು ಶಾಸ್ತ್ರದ ನಿರ್ಬಂಧದಿಂದಲೇ ವರಿಸಲಾಗಿದೆ. ಮಧ್ಯಸ್ಥನು ಮುಂದಿನ ಮಂಗಳವಾರ ಮನೆಗೆ ಬರುವನೆಂದು ಫೋನಿಗೆ ಸಂದೇಶ ಬಂದಿದೆ.