ಬೆರಳು ಕಚ್ಚುವ ಕರ್ನಲ್

ನಮ್ಮ ಕಡೆ ಖಾಲಿ ಗೋಡೆ ಕಂಡರೆ ಯಾರಿಗೂ ಸುಮ್ಮನಿರಲಾಗದು. ಹುಣಸೂರಿನಿಂದ ಕೆ.ಆರ್. ನಗರದವರೆಗೆ ಬಸ್ಸಿನ ಕಿಟಕಿಯಲ್ಲೇ ಸಿಮೆಂಟು, ಬನಿಯನ್ನು, ಪೋಲಿಯೊ ಹನಿ ಎಲ್ಲವನ್ನೂ ಓದಿ ಮುಗಿಸಬಹುದು. 'ಇಲ್ಲಿ ಬರೆಯಬಾರದು' ಎಂಬುದನ್ನೂ ಗೋಡೆಯ ಮೇಲೇ ಬರೆದಿರುತ್ತಾರೆ, ದಪ್ಪಕ್ಷರದಲ್ಲಿ.

ಈ ಚಟದ ಮುತ್ತಜ್ಜನನ್ನು ನೋಡಲು ನೀರು ಇಳಿದ ದಾರಿಯಲ್ಲೇ ಶ್ರೀರಂಗಪಟ್ಟಣಕ್ಕೆ ಹೋಗಬೇಕು. ಕೆ.ಆರ್. ನಗರದ ಕಾವೇರಿಯೂ ಹುಣಸೂರಿನ ಲಕ್ಷ್ಮಣತೀರ್ಥವೂ ಕನ್ನಂಬಾಡಿಯಲ್ಲಿ ಕೂಡಿ ಅಲ್ಲಿಗೇ ಹೋಗುವುದು. ಎಚ್.ಡಿ. ಕೋಟೆಯ ಕಪಿಲೆ ಮಾತ್ರ ಪಟ್ಟಣದ ತಂಟೆಯೇ ಬೇಡವೆಂದು ಬೇರೆ ದಾರಿ ಹಿಡಿದು ತಿರುಮಕೂಡಲಿನಲ್ಲಿ ಸೇರಿಕೊಳ್ಳುತ್ತಾಳೆ.

ಜೊತೆಗೆ ಪಿರಿಯಾಪಟ್ಟಣದ ಚಿಕ್ಕಪ್ಪ, ಹೊಗೆಸೊಪ್ಪು ಬೆಳೆಯುವವರು. ಬಸ್‌ಸ್ಟ್ಯಾಂಡಿನಿಂದ ದರಿಯಾ ದೌಲತ್‌ಗೆ ನಡೆದೇ ಹೋಗೋಣ ಎಂದದ್ದು ನಾನು. ದಾರಿಯುದ್ದಕ್ಕೂ ಆಟೋಗಳನ್ನು ಆಸೆಯಿಂದ ನೋಡಿದ್ದು ಅವರು.

1784ರ ಟಿಪ್ಪುವಿನ ಈ ಬೇಸಿಗೆ ಅರಮನೆಯ ಹೊರಗೋಡೆಗಳೆಲ್ಲ ಚಿತ್ರ. ಬಿಸಿಲು ತಾಗದಂತೆ ಹಸಿರು ಪರದೆ ಇಳಿಬಿಟ್ಟಿದ್ದಾರೆ. ಪಡುವಣ ಗೋಡೆಯಲ್ಲಿ 1780ರ ಪೊಳ್ಳಿಲೂರು ಕಾಳಗ: ಕಾಂಚೀಪುರದ ಹತ್ತಿರ ಹೈದರಾಲಿ, ಟಿಪ್ಪು ಸೇರಿ ಕರ್ನಲ್ ಬೇಲಿಯ ಇಂಗ್ಲಿಷ್ ಪಡೆಯನ್ನು ಬಗ್ಗುಬಡಿದದ್ದು. ಸಾಲಿಗೆ ಸಾಲು ಒಂದೇ ಮುಖ, ಒಂದೇ ಮೀಸೆ. ಬರೆದವನ ಕೈನೋವು ನಮಗೂ ಅರ್ಥವಾಗುತ್ತದೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಟಿಪ್ಪು ಹೂ ಮೂಸುತ್ತಿದ್ದಾನೆ. ಪಲ್ಲಕ್ಕಿಯಲ್ಲಿ ಕೂತ ಬೇಲಿ ಬೆರಳು ಕಚ್ಚುತ್ತಿದ್ದಾನೆ. ತಡವಾಗಿ ಬಂದ ಹೈದರಾಬಾದಿನ ನಿಜಾಮನ ದಂಡನ್ನೂ ಬಿಟ್ಟಿಲ್ಲ. ಅಲ್ಲೊಂದು ಹಂದಿ, ಒಂದು ಹಸು. ಹಂದಿಯಂತೆ ನುಗ್ಗಿ ಬಂದು ಹಸುವಿನಂತೆ ಹಿಂತಿರುಗಿದ ಎಂಬ ಕುಚೋದ್ಯವಂತೆ. ಚಿತ್ರಗಾರನಿಗೆ ಕಾಳಗಕ್ಕಿಂತ ಇಂಥದರ ಮೇಲೆಯೇ ಕಣ್ಣಿತ್ತೆಂದು ನನ್ನ ಗುಮಾನಿ.

1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷ್ ಪಡೆಯ ಆರ್ಥರ್ ವೆಲ್ಲೆಸ್ಲಿ ಇಲ್ಲೇ ವಾಸವಾಗಿದ್ದ. ಮಾಸಿದ್ದ ಚಿತ್ರಗಳಿಗೆ ಮತ್ತೆ ಬಣ್ಣ ಹಾಕಿಸಿದ. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯೂ ದುರಸ್ತಿ ಮಾಡಿಸಿದ.

"ಅಂದ್ರೆ, ಸೋತೋರ ಕಡೆಯೋರೇ ದುಡ್ಡು ಕೊಟ್ಟು ಬಣ್ಣ ಹೊಡಿಸವ್ರಾ?" ಎಂದರು ಚಿಕ್ಕಪ್ಪ. ಹೌದೆಂದೆ. ಪಂಚಾಯ್ತಿ ಚುನಾವಣೆಯಲ್ಲಿ ಸೋತವನು ಗೆದ್ದವನ ಫ್ಲೆಕ್ಸ್ ಒರೆಸಿಕೊಟ್ಟದ್ದನ್ನು ನಾವಿಬ್ಬರೂ ಕಂಡವರಲ್ಲ.

"ಆ ಬೆರಳು ಕಚ್ಚೋನು ಏನಾದ?"

"ಇದೇ ಪಟ್ಟಣದ ಸೆರೆಯಲ್ಲಿ 1782ರಲ್ಲಿ ತೀರಿಕೊಂಡ. ಗುಂಬಜಿನ ಹತ್ತಿರ 1816ರಲ್ಲಿ ಕಟ್ಟಿಸಿದ ಸ್ಮಾರಕ ಇದೆ, ನಡೀರಿ ಚಿಕ್ಕಪ್ಪ, ನೋಡ್ಕೊಂಡು ಬರೋಣ."

ಚಿಕ್ಕಪ್ಪ ಗೇಟಿನಾಚೆಯ ಎಳನೀರಿನ ಗಾಡಿಯ ಕಡೆ ಹೆಜ್ಜೆ ಹಾಕಿಯಾಗಿತ್ತು. "ಇಷ್ಟು ವರ್ಸ ಕಾದವ್ನೆ ಪಾಪ. ಒಂದು ಎಳನೀರು ಕುಡಿಯೋಗಂಟ ಕಾಯಾಕಿಲ್ವಾ, ಬುಡು ಮಗಾ."