ಮುಳುಗಿದ ಸೂರ್ಯನ ಮೇಲೊಂದು ತಕರಾರು

ಆಗುಂಬೆಯಲ್ಲಿ ಸೂರ್ಯಾಸ್ತ ನೋಡಿ ಬಂದೆವು ಎಂದು ಯಾರಾದರೂ ಹೇಳಿದರೆ ನನಗೆ ನಾಲಿಗೆ ತುರಿಸುತ್ತದೆ. ನೀವು ನೋಡಿದಾಗ ಸೂರ್ಯ ಆಗಲೇ ಮುಳುಗಿ ಆಗಿತ್ತು ಸ್ವಾಮಿ, ಎಂದುಬಿಡೋಣ ಅನ್ನಿಸುತ್ತದೆ. ಅಂದದ್ದೂ ಉಂಟು. ಅಂದ ಮೇಲೆ ಆ ಮನೆಯಿಂದ ಹಲಸಿನ ಹಪ್ಪಳ ಬರುವುದು ನಿಂತದ್ದೂ ಉಂಟು.

ಹಪ್ಪಳ ಹೋದರೂ ಮಾತು ಸುಳ್ಳಲ್ಲ. ಘಟ್ಟದ ಅಂಚಿನಲ್ಲಿ ಜನ ಮೊಬೈಲ್ ಎತ್ತಿ ಹಿಡಿದು ಕಾಯುತ್ತಿರುತ್ತಾರಲ್ಲ, ಕೆಂಪು ಬಿಂಬದ ತಳ ಸಮುದ್ರದ ಗೆರೆಗೆ ತಾಗಿತು ನೋಡಿ ಎಂದು ಕೂಗುತ್ತಾರಲ್ಲ, ಆ ಹೊತ್ತಿಗೆ ಅಸಲಿ ಸೂರ್ಯ ಇಡಿಯಾಗಿ ಗೆರೆಯ ಕೆಳಗೆ ಇಳಿದಿರುತ್ತಾನೆ. ಗಾಳಿ ಮೇಲೆ ತೆಳು, ಕೆಳಗೆ ದಟ್ಟ. ದಟ್ಟ ಗಾಳಿಯಲ್ಲಿ ಬೆಳಕಿನ ವೇಗ ಕೂದಲೆಳೆಯಷ್ಟು ಕಡಿಮೆ. ಓರೆಯಾಗಿ ಬಂದ ಕಿರಣ ಆ ಕಾರಣಕ್ಕೆ ನೆಲದ ಕಡೆಗೆ ಬಾಗುತ್ತದೆ, ಭೂಮಿಯ ಗುಡ್ಡೆಯನ್ನು ಬಳಸಿಕೊಂಡು ನಮ್ಮ ಕಣ್ಣಿಗೆ ಬೀಳುತ್ತದೆ. ಎಷ್ಟು ಬಾಗುತ್ತದೆ? ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಅದರಲ್ಲಿ ಸುಮಾರು 34 ಪಾಲು. ಸೂರ್ಯಬಿಂಬದ ಅಗಲ ಸುಮಾರು 32 ಪಾಲು. ಲೆಕ್ಕ ನೀವೇ ಹಾಕಿಕೊಳ್ಳಿ.

ಬೆಳಕು ನೆಟ್ಟಗೆ ಹೋಗುತ್ತದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದು ನಿಜವೇ. ದಾರಿಯಲ್ಲಿ ಸಿಗುವ ವಸ್ತು ಬದಲಾಗದಿದ್ದರೆ ಮಾತ್ರ. ಅನುಮಾನವಿದ್ದರೆ ಅಡುಗೆಮನೆಯಿಂದ ಒಂದು ಸ್ಟೀಲ್ ಬಟ್ಟಲು ತನ್ನಿ. ತಳದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ಅಂಚು ಅಡ್ಡ ಬಂದು ನಾಣ್ಯ ಮರೆಯಾಗುವ ತನಕ ಹಿಂದಕ್ಕೆ ಸರಿಯಿರಿ. ಅಲ್ಲೇ ನಿಂತು, ನಾಣ್ಯ ಅಲುಗದಂತೆ ನೀರು ಹುಯ್ಯಲು ಮೊಮ್ಮಗಳಿಗೆ ಹೇಳಿ. ನೀರು ಏರುತ್ತಿದ್ದಂತೆ ಮೊದಲು ನಾಣ್ಯದ ಆಚೆ ಅಂಚು, ಆಮೇಲೆ ಅರ್ಧ, ಆಮೇಲೆ ಪೂರ್ತಿ ನಾಣ್ಯ ಎದ್ದು ಕಾಣುತ್ತದೆ. ನಾಣ್ಯ ಇದ್ದಲ್ಲೇ ಇದೆ, ನೀವೂ ನಿಂತಲ್ಲೇ ಇದ್ದೀರಿ. ನೀರಿನಲ್ಲಿ ಸೆಕೆಂಡಿಗೆ ಸುಮಾರು 2,25,000 ಕಿಲೋಮೀಟರ್ ವೇಗದಲ್ಲಿದ್ದ ಬೆಳಕು ಗಾಳಿಗೆ ಬಂದೊಡನೆ ಮೂರು ಲಕ್ಷಕ್ಕೆ ಏರಿತು, ಏರುವಾಗ ಬಾಗಿತು, ಅಷ್ಟೇ. ಕಣ್ಣಿಗೆ ಪಾಪ ಇದೆಲ್ಲ ತಿಳಿಯದು. ಬೆಳಕು ಕೊನೆಗೆ ಯಾವ ದಿಕ್ಕಿನಿಂದ ಬಂತೋ ಆ ದಿಕ್ಕಿನಲ್ಲೇ ನೆಟ್ಟಗೆ ವಸ್ತು ಇದೆ ಎಂದು ಪ್ರಮಾಣ ಮಾಡಿಬಿಡುತ್ತದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದ ನಮ್ಮ ಹಿರಿಯರು ಬಟ್ಟಲಲ್ಲಿ ನಾಣ್ಯ ಇಟ್ಟು ನೋಡಿದ್ದರೋ ಏನೋ.

ಬಾಗುವುದರಲ್ಲೂ ಬೆಳಕಿಗೆ ಒಂದು ಲೆಕ್ಕಾಚಾರವಿದೆ. ಫ್ರಾನ್ಸಿನ ತೂಲೂಸಿನಲ್ಲಿ ನ್ಯಾಯಾಲಯದ ಕೆಲಸಕ್ಕಿದ್ದ ಪಿಯರ್ ದ ಫರ್ಮಾ 1662ರಲ್ಲಿ ಹೇಳಿದ: ಬೆಳಕು ಹಿಡಿಯುವುದು ಹತ್ತಿರದ ದಾರಿಯನ್ನಲ್ಲ, ಬೇಗ ಮುಟ್ಟಿಸುವ ದಾರಿಯನ್ನು. ವೇಗ ಕಡಿಮೆಯಾಗುವ ಕಡೆ ಕಡಿಮೆ ದೂರ, ವೇಗ ಸಿಗುವ ಕಡೆ ಹೆಚ್ಚು ದೂರ. ಕೋರ್ಟಿನ ಮನುಷ್ಯನೊಬ್ಬ ಬೇಗ ಮುಗಿಯುವ ದಾರಿಯ ಬಗ್ಗೆ ತಲೆ ಕೆಡಿಸಿಕೊಂಡ ಎಂಬುದೇ ನನಗೆ ದೊಡ್ಡ ಆಶ್ಚರ್ಯ.

ಇಷ್ಟು ಹೇಳುವಷ್ಟರಲ್ಲಿ ಬೇಲಿಯಾಚೆಯ ಮೇಷ್ಟ್ರು ಬಾಯಿ ಹಾಕುತ್ತಾರೆ. "ಗೊತ್ತು ಬಿಡಿ, ಸೂರ್ಯನ ಬೆಳಕು ಇಲ್ಲಿಗೆ ಬರೋಕೆ ಎಂಟು ನಿಮಿಷ ಬೇಕು. ಅಂದ್ರೆ ಎಂಟು ನಿಮಿಷದ ಹಿಂದೇನೇ ಮುಳುಗಿದ್ದಾನೆ!" ಓದಿಕೊಂಡವರೇ ಬೀಳುವ ಗುಂಡಿ ಇದು. ಹದಿನೈದು ಕೋಟಿ ಕಿಲೋಮೀಟರ್ ದಾಟಲು ಬೆಳಕಿಗೆ 8 ನಿಮಿಷ 19 ಸೆಕೆಂಡು ಬೇಕು, ಒಪ್ಪಿದೆ. ಆದರೆ ಅಸ್ತಮಾನ ಸೂರ್ಯ ಮಾಡುವ ಕೆಲಸವಲ್ಲ ಮೇಷ್ಟ್ರೇ, ಸುತ್ತುವುದು ಭೂಮಿ. ಹೊರಟ ಬೆಳಕು ದಾರಿಯುದ್ದಕ್ಕೂ ತುಂಬಿಕೊಂಡು ಬರುತ್ತಲೇ ಇದೆ. ನಾವು ತಿರುಗಿ ನೆರಳಿನ ಕಡೆಗೆ ಹೋದಾಗ ಅದು ತಪ್ಪುತ್ತದೆ. ಅದಕ್ಕೆ ಎಂಟು ನಿಮಿಷದ ಬಾಕಿ ಇಲ್ಲ. ಸೂರ್ಯ ದಿಢೀರನೆ ಆರಿಹೋದರೆ ಮಾತ್ರ ಸುದ್ದಿ ಎಂಟು ನಿಮಿಷ ತಡವಾಗಿ ಬರುತ್ತದೆ. ಮುಳುಗುವುದರಲ್ಲಿ ಗಾಳಿ ಮಾಡುವ ಮೋಸ ನಮ್ಮ ಕಡೆ ಎರಡು ನಿಮಿಷಕ್ಕೆ ತುಸು ಹೆಚ್ಚು, ಅಷ್ಟೇ.

ಎಂಟು ನಿಮಿಷದ ಮಾತು ಬಂತಲ್ಲ, ಸೂರ್ಯನ ಗರ್ಭದಲ್ಲಿ ಹುಟ್ಟಿದ ಶಕ್ತಿಗೆ ಅಲ್ಲಿನ ನೂಕುನುಗ್ಗಲಿನಲ್ಲಿ ಹೊರಮೈ ಮುಟ್ಟಲು ಸಾವಿರಾರು ವರ್ಷ ಹಿಡಿಯುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಗೊರಗುಂಟೆಪಾಳ್ಯ ದಾಟುವ ತನಕ ಜನ್ಮ ಸವೆಯುತ್ತದೆ, ಆಮೇಲೆ ಶಿವಮೊಗ್ಗ ಯಾವ ಲೆಕ್ಕ!

ಬೆಳಗ್ಗೆಯೂ ಇದೇ ಗಾಳಿ ಸೂರ್ಯನನ್ನು ಎರಡು ನಿಮಿಷ ಮೊದಲೇ ಎತ್ತಿ ತೋರಿಸುತ್ತದೆ. ಹಗಲು ಇರುಳು ಸಮ ಎನ್ನುವ ಮಾರ್ಚಿನ ಆ ದಿನ ಪೇಪರಿನಲ್ಲಿ ಬೆಂಗಳೂರಿನ ಸೂರ್ಯೋದಯ, ಸೂರ್ಯಾಸ್ತದ ವೇಳೆ ನೋಡಿ. ಹಗಲು ಹನ್ನೆರಡು ಗಂಟೆಗಿಂತ ಆರೇಳು ನಿಮಿಷ ಜಾಸ್ತಿ ಇರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಗಾಳಿಯ ಕೊಡುಗೆ. ಉಳಿದದ್ದು ಬಿಂಬದ ನಡುವನ್ನು ಬಿಟ್ಟು ಮೇಲಂಚನ್ನು ಲೆಕ್ಕಕ್ಕೆ ಹಿಡಿಯುವುದರಿಂದ ಬಂದದ್ದು.

ಆರೇಳು ನಿಮಿಷ ಏನು ಮಹಾ ಅಂತೀರಾ? ಡಚ್ ನಾವಿಕ ವಿಲೆಮ್ ಬಾರೆಂಟ್ಸ್‌ನ ತಂಡ ಉತ್ತರ ಧ್ರುವ ಪ್ರದೇಶದ ನೋವಾಯಾ ಜೆಮ್ಲ್ಯಾ ದ್ವೀಪದಲ್ಲಿ ಹಿಮಕ್ಕೆ ಸಿಕ್ಕಿಬಿದ್ದು ಚಳಿಗಾಲ ಕಳೆಯಿತು. ಅಲ್ಲಿ ತಿಂಗಳುಗಟ್ಟಲೆ ಸೂರ್ಯನಿಲ್ಲ. 1597ರ ಜನವರಿ 24ರಂದು, ಲೆಕ್ಕದ ಪ್ರಕಾರ ಬರಬೇಕಾದ್ದಕ್ಕಿಂತ ಸುಮಾರು ಎರಡು ವಾರ ಮೊದಲೇ, ಸೂರ್ಯನ ಅಂಚು ಕಂಡಿತು. ಹಿಮದ ಮೇಲಿನ ತಣ್ಣನೆಯ ಗಾಳಿಗೆ ಮೇಲಿನ ಬೆಚ್ಚಗಿನ ಪದರ ಮುಚ್ಚಳ ಹಾಕಿದಂತಾಗಿ, ಬೆಳಕು ಅದರ ಕೆಳಗೆ ಬಾಗುತ್ತ ಬಾಗುತ್ತ ಬಹುದೂರ ಬಂದಿತ್ತು. ತಂಡದಲ್ಲಿದ್ದ ಗೆರಿಟ್ ಡಿ ವೇರ್ ಇದನ್ನು ಬರೆದಾಗ ತಾರೀಖು ತಪ್ಪಿರಬೇಕು ಎಂದು ಬಲ್ಲವರು ತಲೆ ಅಲ್ಲಾಡಿಸಿದರು. ಕಂಡದ್ದನ್ನು ಕಂಡಂತೆ ಬರೆದವನಿಗೆ ಸಿಗುವ ಮರ್ಯಾದೆ ಯಾವ ಕಾಲದಲ್ಲೂ ಅಷ್ಟೇ.

ಆಗುಂಬೆಗೆ ಹೋಗುವವರು ಇನ್ನೆರಡು ಸಂಗತಿ ಗಮನಿಸಬಹುದು. ಒಂದು, ಬಿಂಬ ಗುಂಡಗಿರುವುದಿಲ್ಲ. ತಳದ ಅಂಚಿನಿಂದ ಬರುವ ಬೆಳಕು ಮೇಲಂಚಿನದಕ್ಕಿಂತ ಹೆಚ್ಚು ಬಾಗುವುದರಿಂದ ಸೂರ್ಯ ಚಪ್ಪಟೆಯಾಗುತ್ತಾನೆ. ಇನ್ನೊಂದು ಅಪರೂಪದ್ದು. ಗಾಳಿ ಕೆಂಪಿಗಿಂತ ಹಸಿರನ್ನು ತುಸು ಹೆಚ್ಚು ಬಾಗಿಸುತ್ತದೆ. ನೀಲಿಯನ್ನು ಇನ್ನೂ ಹೆಚ್ಚು, ಆದರೆ ಅಷ್ಟು ಉದ್ದದ ದಾರಿಯಲ್ಲಿ ನೀಲಿ ಚೆದುರಿ ಹೋಗಿರುತ್ತದೆ. ದಿಗಂತ ಸ್ವಚ್ಛವಾಗಿದ್ದು ಗಾಳಿಯ ಪದರಗಳು ಅನುಕೂಲವಾಗಿದ್ದರೆ, ಕೊನೆಯ ಚೂರು ಒಂದೆರಡು ಸೆಕೆಂಡು ಹಸಿರಾಗಿ ಮಿನುಗಿ ಮಾಯವಾಗುತ್ತದೆ. ಕೊನೆಯ ಚೂರು ಮಾತ್ರ ಉಳಿಯುವ ತನಕ ದಿಟ್ಟಿಸಬೇಡಿ, ಕಣ್ಣಿಗೆ ಕೇಡು. ಕೆಂಪು ನೋಡಿ ದಣಿದ ಕಣ್ಣಿಗೆ ಹಸಿರು ಕಾಣುವುದು ಸಹಜ, ಆದ್ದರಿಂದ ಇದು ಬರೀ ಭ್ರಮೆ ಎಂದು ವಾದಿಸಿದವರೂ ಇದ್ದರು. ವ್ಯಾಟಿಕನ್ ವೀಕ್ಷಣಾಲಯದವರು 1950ರ ದಶಕದಲ್ಲಿ ಬಣ್ಣದ ಫೋಟೊ ತೆಗೆದು ಅವರ ಬಾಯಿ ಮುಚ್ಚಿಸಿದರು.

ಸೂರ್ಯೋದಯದಲ್ಲೂ ಮೊದಲ ಚೂರು ಹಸಿರಾಗಿ ಕಾಣುವುದುಂಟು, ಆಗ ಕಣ್ಣು ದಣಿದಿರುವ ಮಾತೇ ಇಲ್ಲ. ನಮ್ಮ ಕರಾವಳಿಯವರಿಗೆ ಸಮುದ್ರ ಪಡುವಣಕ್ಕಿರುವುದರಿಂದ ಆ ಭಾಗ್ಯವಿಲ್ಲ. ಅದಕ್ಕೆ ರಾಮೇಶ್ವರಕ್ಕೆ ಹೋಗಬೇಕು. ಹೋದವರು ಆ ಹೊತ್ತಿನಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ದರ್ಶನದ ಸಾಲಿನಲ್ಲಿ ನಿಂತಿರುತ್ತಾರೆ, ಅದು ಬೇರೆ ವಿಷಯ.