ಒಂದು ಸೈಜು ದೊಡ್ಡದೇ ಇರಲಿ ಅಂದ್ರೆ

ಏನ್ ಮಾರಾಯ್ರೆ, ಬೆಳಗ್ಗಿಂದ ಎಲೆ ಗುಡಿಸ್ತಾನೇ ಇದ್ದೀರಿ? ನಮ್ಮ ಮೇಪಲ್ ಮರದ ಎಲೆ ನಿಮ್ಮ ಹಿತ್ತಲಿಗೆ ಬೀಳೋದಕ್ಕೆ ನಾನು ಹೊಣೆಯಲ್ಲಪ್ಪ, ಗಾಳಿಯನ್ನ ಕೇಳಿ. ಅದಿರಲಿ, ಪುಟ್ಟನನ್ನ ಐಸ್ ಹಾಕಿಗೆ ಸೇರಿಸಿದಿರಂತಲ್ಲ, ನಮ್ಮನೆಯವಳು ಹೇಳಿದ್ಲು. ಒಳ್ಳೇದಾಯ್ತು. ಮಡಿಕೇರಿಯವರ ಮನೇಲಿ ಹಾಕಿ ಸ್ಟಿಕ್ ಇಲ್ಲದಿದ್ರೆ ಹೇಗೆ? ಆದ್ರೆ ಅಲ್ಲಿ ಒಂದು ಜೊತೆ ಕ್ಯಾನ್ವಾಸ್ ಶೂ ಇದ್ರೆ ಆಟ ನಡೀತಿತ್ತು. ಇಲ್ಲಿ ಮೊದಲು ಸ್ಕೇಟ್ಸ್, ಆಮೇಲೆ ಆಟ.

ತಗೊಂಡ್ರಾ? ಇನ್ನೂ ಇಲ್ವಾ? ಸದ್ಯ! ನಿಮ್ಮ ಅತ್ತೆಯವರು ಫೋನಲ್ಲಿ ಏನು ಹೇಳಿರ್ತಾರೆ ಅಂತ ನಾನೇ ಹೇಳ್ತೀನಿ: ಬೆಳೆಯೋ ಮಗು, ಒಂದು ಸೈಜು ದೊಡ್ಡದೇ ತನ್ನಿ. ಹೌದೋ ಅಲ್ವೋ? ಸ್ಕೂಲ್ ಶೂಗೆ ಅದು ಸರಿ, ಮುಂದೆ ಹತ್ತಿ ತುರುಕಿ ಒಂದು ವರ್ಷ ತಳ್ಳಬಹುದು. ಸ್ಕೇಟ್ಸ್‌ಗೆ ಆ ಲೆಕ್ಕ ನಡೆಯಲ್ಲ. ಒಳಗೆ ಹಿಮ್ಮಡಿ ಅಲ್ಲಾಡಿದ್ರೆ ಬೂಟು ಪಾದದ ಮಾತು ಕೇಳಲ್ಲ, ಕಣಕಾಲು ಒಳಕ್ಕೆ ವಾಲುತ್ತೆ. ಹುಡುಗ ಕಾಲು ಸೊಟ್ಟ ಮಾಡ್ಕೊಂಡು ಐಸ್ ಮೇಲೆ ನಡೀತಿರ್ತಾನೆ, ಅಪ್ಪ ಅಮ್ಮ ಗಾಜಿನ ಈಚೆ ನಿಂತು ಇವನಿಗೆ ಬ್ಯಾಲೆನ್ಸೇ ಇಲ್ಲ ಅಂತ ತೀರ್ಮಾನ ಮಾಡಿರ್ತಾರೆ. ಪಾಪ, ಬ್ಯಾಲೆನ್ಸ್ ಇದೆ. ಬೂಟಿನೊಳಗೆ ಜಾಗ ಜಾಸ್ತಿ.

ಉಳಿತಾಯವೂ ಆಗಲ್ಲ ನೋಡಿ. ಪುಟ್ಟನ ಸ್ಕೇಟ್ಸ್ 13 ಅಂತ ಇಟ್ಕೊಳ್ಳಿ, ಅದು ಯೂತ್. ಯೂತ್ ನಂಬರು ಮುಗಿದ ಮೇಲೆ ಮತ್ತೆ 1ರಿಂದ ಶುರು. ಒಂದು ಸೈಜು ಹೆಚ್ಚಿಗೆ ಅಂತ 1ಕ್ಕೆ ಹಾರಿದ್ರೆ ಜೂನಿಯರ್ ಆಯ್ತು, ಬಿಲ್ಲೂ ಜೂನಿಯರ್‌ನ ದುಬಾರಿ ದರದ್ದೇ.

ನಂಬರಿನದು ಇನ್ನೊಂದು ತಮಾಷೆ. ಇಲ್ಲಿಯ ಶೂ ನಂಬರಿಗಿಂತ ಸ್ಕೇಟ್ಸ್ ನಂಬರು ಒಂದೋ ಒಂದೂವರೆಯೋ ಕಡಿಮೆ. ಊರಲ್ಲಿ ಬ್ರಿಟಿಷ್ ಅಳತೆ. ಅಲ್ಲಿ 7 ಹಾಕ್ತಿದ್ದ ಗಂಡಸು ಇಲ್ಲಿಗೆ ಬಂದು 8 ಆಗ್ತಾನೆ, ಸ್ಕೇಟ್ಸ್ ಅಂಗಡಿ ಹೊಕ್ಕರೆ 7ಕ್ಕೋ 6.5ಕ್ಕೋ ಇಳೀತಾನೆ. ಏಳು ಸಮುದ್ರ ದಾಟಿ ಬಂದು ಊರಿನ ನಂಬರಿಗೇ ವಾಪಸ್! ಹಾಗಂತ ಇದನ್ನೇ ನಂಬ್ಕೊಂಡು ಆನ್‌ಲೈನಲ್ಲಿ ತರಿಸಬೇಡಿ. ಅಂಗಡೀಲಿ ಬ್ರಾನಾಕ್ ಅಂತ ಲೋಹದ ಹಲಗೆ ಇರುತ್ತೆ, ಹಿಮ್ಮಡಿ ಇಟ್ಟು ಪಟ್ಟಿ ಸರಿಸಿ ಅಳೀತಾರಲ್ಲ, ಅದು. ಸಿರಾಕ್ಯೂಸ್‌ನ ಶೂ ಅಂಗಡಿಯವರ ಮಗ ಚಾರ್ಲ್ಸ್ ಬ್ರಾನಾಕ್ 1920ರ ದಶಕದಲ್ಲಿ ಮಾಡಿದ್ದು, ಇವತ್ತಿಗೂ ನಡೀತಿದೆ. ಉದ್ದದ ಜೊತೆ ಅಗಲವನ್ನೂ ಹೇಳುತ್ತೆ. ಎರಡೂ ಕಾಲು ಅಳೆಸಿ.

ನಮ್ಮವರು ಮೋಸ ಹೋಗೋದು ಅಗಲದಲ್ಲೇ. ಬೂಟು ಪಕ್ಕದಲ್ಲಿ ಹಿಂಡಿದ ಕೂಡಲೇ ಇನ್ನೂ ಉದ್ದದ್ದು ಕೊಡಿ ಅಂತಾರೆ. ಕೇಳಬೇಕಾದ್ದು ಅದೇ ಉದ್ದದಲ್ಲಿ ಅಗಲದ್ದು. ಹಳೇ ಲೆಕ್ಕದಲ್ಲಿ D ಅಂದ್ರೆ ಮಾಮೂಲಿ, EE ಅಂದ್ರೆ ಅಗಲ. ಈಗ ಸ್ಕೇಟ್ಸ್ ಮಾಡೋ ಬಾವರ್‌ನವರು ಫಿಟ್ 1, 2, 3 ಅಂತಾರೆ, 1 ಸಪೂರ, 3 ಅಗಲ. ಸಿಸಿಎಂನವರದು ಟೇಪರ್ಡ್, ರೆಗ್ಯುಲರ್, ವೈಡ್. ದಕ್ಷಿಣ ಭಾರತದಲ್ಲಿ ಬರಿಗಾಲಲ್ಲೇ ನಡೆದವರ ಪಾದ ಅಳೆದು ಬೆಲ್ಜಿಯಂನ ಸಂಶೋಧಕರು 2009ರಲ್ಲಿ ಬರೆದಿದ್ದಾರೆ, ಶೂ ಹಾಕ್ಕೊಂಡು ಬೆಳೆದವರಿಗಿಂತ ಇವರ ಪಾದ ಅಗಲ ಅಂತ. ಗದ್ದೆ ಬದುವಿನ ಮೇಲೆ ಓಡಾಡಿದ ನಿಮ್ಮ ಪಾದಕ್ಕೆ ಫಿಟ್ 3 ಬೇಕಾದೀತು. ಪುಟ್ಟ ಇಲ್ಲೇ ಸ್ನೋ ಬೂಟಲ್ಲಿ ಬೆಳೆದವನು, ಅವನದು ಬೇರೆ ಇರಬಹುದು.

ಅಂಗಡೀಲಿ ಹಾಕಿಸುವಾಗ ತೆಳು ಸಾಕ್ಸ್ ಇರಲಿ. ಚಳಿ ಅಂತ ಉಲ್ಲನ್ ಸಾಕ್ಸ್ ತುರುಕಬೇಡಿ, ಬಾಬಿ ಓರ್ ಅಂಥಾ ಆಟಗಾರ ಸಾಕ್ಸೇ ಇಲ್ಲದೆ ಆಡ್ತಿದ್ದ. ಹಿಮ್ಮಡಿಯನ್ನ ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಲೇಸ್ ಬಿಗೀರಿ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಕ್ಕೆ ಸೋಕಿದ ಹಾಗಿರಬೇಕು, ಮಂಡಿ ಬಗ್ಗಿಸಿದ್ರೆ ಹಿಂದೆ ಸರೀಬೇಕು. ಲೇಸ್ ಬಿಚ್ಚಿ, ಮೇಲಿಂದ ಮೂರನೇ ತೂತುಗಳ ಮೇಲೆ ಅಡ್ಡಡ್ಡ ಒಂದು ಪೆನ್ಸಿಲ್ ಇಟ್ಟು ನೋಡಿ. ಎರಡೂ ಅಂಚಿಗೆ ತಾಗಿ ಕೂತರೆ ಆಳ ಸಾಕು. ಪಾದ ಪೆನ್ಸಿಲನ್ನ ಎತ್ತಿ ಹಿಡಿದ್ರೆ ಆ ಬೂಟು ಬೇಡ, ಲೇಸು ಪಾದದ ಮೇಲೆ ಕಚ್ಚಿ ಕಚ್ಚಿ ಹುಡುಗನ ಪ್ರಾಣ ತಿನ್ನುತ್ತೆ. ಬೆಳೆಯೋದಕ್ಕೆ ಅಂತ ಬಿಡಲೇಬೇಕಿದ್ರೆ ಅರ್ಧ ಸೈಜು, ಅದಕ್ಕಿಂತ ಜಾಸ್ತಿ ಬೇಡ. ಅತ್ತೆಯವರಿಗೂ ಅಷ್ಟರಲ್ಲಿ ಸಮಾಧಾನ ಆಗಲಿ.

ಅಂಗಡಿಯವರು ಬೂಟನ್ನ ಬೇಕ್ ಮಾಡಿ ಕೊಡ್ತೀವಿ ಅಂದ್ರೆ ಗಾಬರಿ ಬೀಳಬೇಡಿ. ನಿಜವಾಗ್ಲೂ ಓವನ್‌ನಲ್ಲಿ ಕೆಲವು ನಿಮಿಷ ಇಡ್ತಾರೆ. ಮೆತ್ತಗಾದ ಬೂಟನ್ನ ಹಾಕ್ಕೊಂಡು ಅದು ಆರೋ ತನಕ ಕೂತಿರಬೇಕು, ಎದ್ದು ಓಡಾಡೋ ಹಾಗಿಲ್ಲ. ಪುಟ್ಟನನ್ನ ಅಷ್ಟು ಹೊತ್ತು ಕೂರಿಸೋದು ಹೇಗೋ, ಫೋನ್ ಕೊಟ್ಟುಬಿಡಿ. ಆದ್ರೆ ಚಿಕ್ಕ ಬೂಟನ್ನ ಬೇಕ್ ಮಾಡಿ ಉದ್ದ ಮಾಡ್ತೀವಿ ಅಂತ ಯಾರಾದ್ರೂ ಅಂದ್ರೆ ಎದ್ದು ಬನ್ನಿ.

ಹಳೇದು ತಗೋಬಹುದಾ? ಧಾರಾಳವಾಗಿ, ಚಿಕ್ಕ ಮಕ್ಕಳ ಕಾಲಿಗೆ ಒಂದು ಸೀಸನ್‌ಗಿಂತ ಹೆಚ್ಚು ಬರೋದು ಕಷ್ಟ. ಕಣಕಾಲಿನ ಹತ್ರ ಒತ್ತಿ ನೋಡಿ, ಗಟ್ಟಿಯಾಗಿರಬೇಕು. ಅಲಗು ಸಾಣೆಗೆ ಸಿಕ್ಕಿ ಸವೆದು ಹೋಗಿರಬಾರದು. ನಾವಿರೋ ಈ ಕಿಚನರ್‌ನಲ್ಲೇ 1927ರಲ್ಲಿ ಬೂಟಿನ ಕಾರ್ಖಾನೆ ಇದ್ದ ಬಾವರ್ ಮನೆಯವರು ಸ್ಕೇಟ್ಸ್ ಮಾಡೋಕೆ ಶುರು ಮಾಡಿದ್ದು, ಗೊತ್ತಾ? ಅಂಥಾ ಊರಲ್ಲಿ ಹಳೇ ಸ್ಕೇಟ್ಸ್‌ಗೇನು ಬರ.

ಹೊಸದೇ ತಗೊಂಡ್ರೆ ಸಾಣೆ ಹಿಡಿಸದೆ ಅಂಗಡಿ ಬಿಡಬೇಡಿ, ಪೆಟ್ಟಿಗೆಯಿಂದ ತೆಗೆದ ಅಲಗಿಗೆ ಅಂಚೇ ಇರಲ್ಲ. ಶನಿವಾರ ಸಂಜೆ ಹೋಗೋಣ್ವಾ? ಸಂಜೆಗೆ ಪಾದ ಒಂಚೂರು ಹಿಗ್ಗಿರುತ್ತೆ, ಅಳತೆಗೆ ಒಳ್ಳೇದು. ಅಂದಹಾಗೆ ಒಂದು ಪುಟ್ಟ ಸ್ಟೂಲ್ ತಗೊಂಡು ಇಟ್ಕೊಳ್ಳಿ. ಬೆಳಗ್ಗೆ ಆರಕ್ಕೆ ಪ್ರಾಕ್ಟೀಸು, ಲೇಸ್ ಕಟ್ಟೋರು ನೀವೇ, ನಿಮ್ಮ ಸೊಂಟದ ಕಥೆ ನನಗೆ ಗೊತ್ತಿಲ್ವಾ?